ಐದನೆಯ ಪೆಟ್ಟು

ಕಳೆದ ತಿಂಗಳು ಕುಂದಾಪುರದ ಚಿಕ್ಕಮ್ಮನ ಮನೆಯಲ್ಲಿ ಹಳೆಯ ಕಬ್ಬಿಣದ ಪೆಟ್ಟಿಗೆಯೊಂದನ್ನು ತೆರೆದಾಗ ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಅದರ ಹಿಂದೆಯೇ ಮುಗ್ಗಲು ಹಿಡಿದ ಕಾಗದದ ವಾಸನೆ. ಚಿಕ್ಕಮ್ಮ ಒಂದೊಂದೇ ಸೀರೆ ಬಿಡಿಸಿ ಇದು ಯಾರ ಮದುವೆಯದು, ಅದು ಯಾರ ಸೀಮಂತದ್ದು ಎಂದು ಹೇಳುತ್ತಲೇ ಇದ್ದರು. ನಾನು ಹೂಂಗುಟ್ಟುತ್ತಿದ್ದೆ, ಅಷ್ಟೆ. ನನ್ನ ಮನಸ್ಸು ಬ್ರಹ್ಮಾವರದ ನನ್ನ ಹಳೆಯ ಅಂಗಡಿಗೆ ಹೋಗಿಬಿಟ್ಟಿತ್ತು. ಎರಡು ಸಾವಿರದ ಏಳರ ಮಳೆಗಾಲದಲ್ಲಿ ಇದೇ ವಾಸನೆಯ ಪೆಟ್ಟಿಗೆಯೊಂದು ಮೂರು ತಿಂಗಳು ನನ್ನ ಮೇಜಿನ ಕೆಳಗಿತ್ತು.

ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಯಂತ್ರ. ಮದುವೆ ಕಾಗದ, ಸತ್ತವರ ಬೊಜ್ಜದೂಟದ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಯಾವುದಕ್ಕೂ ಇಲ್ಲ ಎಂದವಳಲ್ಲ. ಪೇಟೆಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ನನ್ನನ್ನು ಶೈಲಕ್ಕ ಎಂದೇ ಕರೆಯುತ್ತಿದ್ದರು. ನನಗೊಂದು ಕೆಟ್ಟ ಚಾಳಿಯಿತ್ತು, ಈಗಲೂ ಇದೆ. ತಪ್ಪು ಕಂಡರೆ ಸುಮ್ಮನಿರಲಾರೆ. ಹೋಟೆಲಿನ ಬೋರ್ಡಿನಲ್ಲಿ ತಪ್ಪಿದ್ದರೆ ಚಹಾ ಕುಡಿಯುವ ಮೊದಲೇ ಮಾಲೀಕರಿಗೆ ಹೇಳಿ ಬರುವವಳು. ಗಿರಾಕಿ ತಂದ ಬರಹದಲ್ಲಿ ತಪ್ಪಿದ್ದರೆ ಕೇಳುವ ಗೋಜಿಗೂ ಹೋಗದೆ ತಿದ್ದಿಬಿಡುತ್ತಿದ್ದೆ. ಯಾರೂ ಬೈದದ್ದಿಲ್ಲ, ಹೊಗಳಿದವರೇ ಹೆಚ್ಚು. ಹಾಗಾಗಿ ಅದೊಂದು ಗುಣವೆಂದೇ ನಾನು ನಂಬಿದ್ದೆ.

ಜೂನ್ ಎರಡನೇ ವಾರವಿರಬೇಕು. ಕೊಕ್ಕರ್ಣೆ ಕಡೆಯಿಂದ ಬಂದ ಬಸ್ಸಿನಿಂದ ಬೋನಿ ಮಾಸ್ಟ್ರು ಇಳಿದು, ಕಂಡಕ್ಟರ್ ಕೈಯಲ್ಲಿ ಪೆಟ್ಟಿಗೆ ಹೊರಿಸಿಕೊಂಡು ನನ್ನ ಅಂಗಡಿಗೆ ಬಂದರು. ಅವರ ಪೂರ್ತಿ ಹೆಸರು ಬೋನಿಫಾಸ್. ಅವರ ಬ್ಯಾಂಡ್ ಸೆಟ್ಟನ್ನು ನಮ್ಮ ಕಡೆ ನೋಡದವರಿಲ್ಲ. ಒಂಬತ್ತು ಜನ, ಕೆಂಪು ಕೋಟು, ಕ್ರಿಶ್ಚಿಯನ್ನರ ಮದುವೆಗೂ ಅವರೇ, ಹಿಂದೂಗಳ ದಿಬ್ಬಣಕ್ಕೂ ಅವರೇ. ಕೋಟಿಲ್ಲದೆ, ಲುಂಗಿಯಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ ಅವರ ಗುರುತೇ ನನಗೆ ಮೊದಲು ಸಿಗಲಿಲ್ಲ.

"ಶೈಲಕ್ಕ, ನಿಮ್ಮ ಕಂಪ್ಯೂಟ್ರಗೆ ಪದ್ಯ ಬರೀಲಕ್ಕಾ?" ಎಂದರು.

"ಯಾವ ಪದ್ಯ ಮಾಸ್ಟ್ರೆ?"

"ಊದು ಪದ್ಯ."

ಪೆಟ್ಟಿಗೆ ತೆರೆದರೆ ಒಂಬತ್ತು ಉದ್ದನೆಯ ಪುಸ್ತಕಗಳು, ನಡುವೆ ನುಸಿಗುಳಿಗೆಗಳು. ಪ್ರತಿ ಹಾಳೆಯಲ್ಲೂ ಐದೈದು ಗೆರೆಗಳು, ಗೆರೆಗಳ ಮೇಲೆ ಬಾಲವಿರುವ ಚುಕ್ಕೆಗಳು. ಬ್ಯಾಂಡಿನ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಮಳೆಗಾಲದಲ್ಲಿ ಬ್ಯಾಂಡಿಗೆ ಕೆಲಸವಿಲ್ಲ. ಆ ನಾಲ್ಕು ತಿಂಗಳು ಮಾಸ್ಟ್ರು ಮನೆಯಲ್ಲಿ ಕೂತು ಹಾಳಾದ ಪುಟಗಳನ್ನೆಲ್ಲ ಹೊಸದಾಗಿ ನಕಲು ಮಾಡುತ್ತಿದ್ದರು. ಬೆವರು, ಮಳೆ, ಮದುವೆ ಮನೆಯ ಪಾಯಸ ಎಲ್ಲ ತಾಗಿ ನಮ್ಮ ಕರಾವಳಿಯಲ್ಲಿ ಕಾಗದ ಎರಡು ವರ್ಷದ ಮೇಲೆ ಬಾಳುವುದಿಲ್ಲ. ಹೀಗೆ ಮೂವತ್ತು ಮಳೆಗಾಲ ಬರೆದಿದ್ದರು. ಆ ವರ್ಷ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಒಂದು ಕಣ್ಣನ್ನು ಪೂರ್ತಿ ತಿಂದಿತ್ತು, ಇನ್ನೊಂದರಲ್ಲಿ ಬೆಳಕು ಮಾತ್ರ ಉಳಿದಿತ್ತು. ಬ್ಯಾಂಡಿಗೆ ಹೊಸದಾಗಿ ಮೂರು ಜನ ಸೇರಿದ್ದರು, ಅವರಿಗೆ ಹಳೆಯ ಪುಸ್ತಕದ ಅಕ್ಷರ ಬಿಡಿಸಲು ಆಗುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಕ್ರಿಶ್ಚಿಯನ್ನರು ಇಗರ್ಜಿಗೆ ಹೊಸ ತೆನೆ ತರುವ ತೆನೆಹಬ್ಬದ ಮೆರವಣಿಗೆಗೆ ಪುಸ್ತಕ ತಯಾರಾಗದಿದ್ದರೆ ಬ್ಯಾಂಡು ನಿಂತಂತೆಯೇ ಎಂದರು.

ನಾನು ಒಪ್ಪಿಕೊಂಡೆ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ ಸಂಗೀತ ಬರೆಯುವ ತಂತ್ರಾಂಶವೊಂದಿತ್ತು. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಬಾರಿಸಿದವಳು ನಾನು, ಇದೇನು ಮಹಾ ಎಂದುಕೊಂಡೆ. ಮಾಸ್ಟ್ರು ಹತ್ತು ದಿನ ದಿನಾ ಬಸ್ಸಿನಲ್ಲಿ ಬಂದು ನನಗೆ ಗೆರೆ, ಚುಕ್ಕೆ, ಬಾಲಗಳ ಪಾಠ ಹೇಳಿದರು. ಅಡ್ಡಗೆರೆಗಳ ಮೇಲೆ ಅಲ್ಲಲ್ಲಿ ಉದ್ದಗೆರೆ ಎಳೆದರೆ ಒಂದೊಂದು ಕೋಣೆಯಾಗುತ್ತದೆ. ಮಾರ್ಚಿನಲ್ಲಿ, ಎಂದರೆ ನಡೆಯುತ್ತಾ ಬಾರಿಸುವ ಪದ್ಯದಲ್ಲಿ, ಕೋಣೆಗೆ ನಾಲ್ಕು ಪೆಟ್ಟು. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇಷ್ಟನ್ನು ನಾನು ಚೆನ್ನಾಗಿ ಕಲಿತೆ.

ತಂತ್ರಾಂಶ ಮಾತ್ರ ನನ್ನನ್ನು ಸತಾಯಿಸಿಬಿಟ್ಟಿತು. ಕಾರ್ನೆಟ್ ಎಂಬ ಊದುವ ವಾದ್ಯದ ಪುಸ್ತಕ ನೋಡಿ ಟೈಪ್ ಮಾಡಿದರೆ ಮುದ್ರಣದಲ್ಲಿ ಪ್ರತಿ ಚುಕ್ಕೆಯೂ ಒಂದು ಮೆಟ್ಟಿಲು ಮೇಲೆ ಹೋಗಿ ಕೂರುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಮಾಸ್ಟ್ರು ನಗುತ್ತಾ ಹೇಳಿದರು, ಕಾರ್ನೆಟ್ಟಿನಲ್ಲಿ ಬರೆಯುವ ಸ್ವರವೇ ಬೇರೆ, ಹೊರಗೆ ಕೇಳಿಸುವ ಸ್ವರವೇ ಬೇರೆ ಎಂದು. ಅದು ತಂತ್ರಾಂಶಕ್ಕೂ ಗೊತ್ತಿತ್ತು. ನಾನು ಬರೆದದ್ದನ್ನು ಕೇಳಿಸುವ ಸ್ವರವೆಂದು ತಿಳಿದು ಅದು ತಾನಾಗಿಯೇ ಏರಿಸಿಕೊಡುತ್ತಿತ್ತು. ಒಂದು ಚೌಕದಲ್ಲಿದ್ದ ಗುರುತು ತೆಗೆದೆ, ಸರಿಹೋಯಿತು. ನನ್ನ ಪ್ರಿಂಟರಿನ ಶಾಯಿ ಒಂದು ಹನಿ ನೀರಿಗೇ ಕದಡುತ್ತದೆಂದು ಕುಂದಾಪುರದ ಲೇಸರ್ ಪ್ರಿಂಟಿನವರ ಹತ್ತಿರ ಹೋದರೆ ಅಲ್ಲಿ ಸ್ವರಗಳೇ ಮಾಯ! ಚುಕ್ಕೆ ಇರಬೇಕಾದಲ್ಲೆಲ್ಲ ಇಂಗ್ಲಿಷಿನ ಎರಡು ಅಕ್ಷರ ಅಂಟಿಕೊಂಡಂಥ ಏನೋ ಒಂದು. ಸಂಗೀತದ ಫಾಂಟು ಅವರ ಕಂಪ್ಯೂಟರಿನಲ್ಲಿರಲಿಲ್ಲ. ಮಳೆಯಲ್ಲಿ ನೆನೆದುಕೊಂಡು ಹಿಂದೆ ಬಂದು, ಫಾಂಟನ್ನೂ ಒಳಗೇ ಸೇರಿಸಿ ಪಿಡಿಎಫ್ ಮಾಡುವುದನ್ನು ಕಲಿತೆ. ಇದರ ನಡುವೆ ಒಂದು ಸಂಜೆ ಸಿಡಿಲು ಬಡಿದು ಕಂಪ್ಯೂಟರಿನ ಸದ್ದು ಹೊರಡಿಸುವ ಭಾಗ ಸುಟ್ಟುಹೋಯಿತು. ಬರೆದದ್ದನ್ನು ನುಡಿಸಿ ಕೇಳುವ ಸೌಕರ್ಯವೂ ಹೋಯಿತು. ಮಾಸ್ಟ್ರಿಗೆ ಕಣ್ಣಿಲ್ಲ, ಕಂಪ್ಯೂಟರಿಗೆ ಬಾಯಿಲ್ಲ, ನಡುವೆ ನಾನು.

ಜುಲೈ ಅರ್ಧ ಮುಗಿಯುವ ಹೊತ್ತಿಗೆ ಮೆರವಣಿಗೆಯ ಮಾರ್ಚಿಗೆ ಬಂದೆ. ಅಲ್ಲಿ ತಂತ್ರಾಂಶ ಹಟ ಹಿಡಿಯಿತು. ಎಂಟನೆಯ ಕೋಣೆಯಲ್ಲಿ ಪುಸ್ತಕದಲ್ಲಿದ್ದದ್ದನ್ನು ಹಾಕಿದರೆ ಕೊನೆಯದೊಂದು ಮುಂದಿನ ಕೋಣೆಗೆ ಜಾರುತ್ತದೆ, ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಪೆಟ್ಟು ಬಲಕ್ಕೆ ಸರಿಯುತ್ತದೆ. ಅಂಗಿಯ ಒಂದು ಗುಂಡಿ ತಪ್ಪಿ ಹಾಕಿದರೆ ಕುತ್ತಿಗೆಯವರೆಗೂ ತಪ್ಪುವುದಿಲ್ಲವೇ, ಹಾಗೆ. ಅಳಿಸಿ ಮತ್ತೆ ಹಾಕಿದೆ. ಮತ್ತೆ ಅದೇ. ಕೊನೆಗೆ ಪುಸ್ತಕದಲ್ಲೇ ಎಣಿಸಿದೆ. ಆ ಕೋಣೆಯಲ್ಲಿ ಐದು ಪೆಟ್ಟುಗಳಿದ್ದವು! ನಾಲ್ಕು ಊದುವುದು, ಐದನೆಯದು ಸುಮ್ಮನಿರುವುದು. ಡೋಲಿನ ಪುಸ್ತಕದಲ್ಲಿ ಮಾತ್ರ ಅಲ್ಲೊಂದು ಒಂಟಿ ಹೊಡೆತ. ಪದ್ಯದಲ್ಲಿ ನಾಲ್ಕು ಕಡೆ ಹೀಗಿತ್ತು, ಒಂಬತ್ತು ಪುಸ್ತಕಗಳಲ್ಲೂ ಇತ್ತು.

ಒಂಬತ್ತರಲ್ಲೂ ಇದ್ದ ಮೇಲೆ ಅದು ಬೇಕೆಂದೇ ಬರೆದದ್ದೆಂದು ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ಡಿಟಿಪಿಯವಳಿಗೆ ಹೊಳೆಯಲಿಲ್ಲ. ಮದುವೆ ಕಾಗದದ ಮೂಲದಲ್ಲಿ ಮುಹೂರ್ತ ತಪ್ಪಿದ್ದರೆ ಐನೂರು ಕಾಗದದಲ್ಲೂ ತಪ್ಪೇ ಬರುತ್ತದೆ, ನನ್ನ ಅನುಭವ ಅಷ್ಟೆ. ಎಂದೋ ಒಮ್ಮೆ ಎಣಿಕೆ ತಪ್ಪಿದ್ದಾರೆ, ಅದನ್ನೇ ನಕಲು ಮಾಡುತ್ತಾ ಬಂದಿದ್ದಾರೆ ಎಂದು ತೀರ್ಮಾನಿಸಿದೆ. ಆ ಹೊತ್ತಿಗೆ ಮಾಸ್ಟ್ರು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಮಂಗಳೂರಿನ ಮಗಳ ಮನೆಗೆ ಹೋಗಿದ್ದರು. ಫೋನ್ ಮಾಡಿ ಕೇಳಬಹುದಿತ್ತು. ಕಣ್ಣು ಹೋದ ಮನುಷ್ಯನಿಗೆ ನೀವು ಮೂವತ್ತು ವರ್ಷ ತಪ್ಪು ಬರೆದಿದ್ದೀರಿ ಎಂದು ಹೇಳಲು ಮನಸ್ಸು ಬರಲಿಲ್ಲ. ಇದು ನಿಜ. ಅವರ ತಪ್ಪು ಹಿಡಿದೆನೆಂಬ ಖುಷಿಯೂ ಒಳಗೆ ಇತ್ತು, ಅದೂ ನಿಜ. ಐದನೆಯ ಪೆಟ್ಟನ್ನು ಮೂವತ್ತಾರು ಕಡೆಯೂ ತೆಗೆದುಹಾಕಿದೆ. ತಂತ್ರಾಂಶ ತಕರಾರಿಲ್ಲದೆ ಸಾಲುಗಳನ್ನು ಜೋಡಿಸಿಕೊಂಡಿತು.

ಹೊಸ ಪುಸ್ತಕಗಳು ಆಗಸ್ಟ್ ಮೊದಲಿಗೆ ತಯಾರಾದವು. ಮಾಸ್ಟ್ರು ಇಲ್ಲದಾಗ ಬ್ಯಾಂಡನ್ನು ನೋಡಿಕೊಳ್ಳುತ್ತಿದ್ದವರು ಕ್ಲಾರಿನೆಟ್ ಊದುವ ವಿನ್ಸೆಂಟ್ ಮಾಸ್ಟ್ರು, ಶಾಲೆಯಲ್ಲಿ ಗಣಿತ ಹೇಳುವವರು. ಭಾನುವಾರ ಭಾನುವಾರ ಬೋನಿ ಮಾಸ್ಟ್ರ ಮನೆಯ ಚಾವಡಿಯಲ್ಲಿ ಅಭ್ಯಾಸ. ಮೊದಲ ಭಾನುವಾರ ಹಳಬರು ಎಂಟನೇ ಕೋಣೆಯಲ್ಲಿ ನಿಂತರು, ಹೊಸಬರು ಮುಂದೆ ಹೋದರು, ಎಲ್ಲ ಗಲಿಬಿಲಿಯಾಯಿತಂತೆ. ಹಳಬರೊಬ್ಬರು ಇಲ್ಲೊಂದು ಪೆಟ್ಟು ಇತ್ತಲ್ಲ ಎಂದದ್ದಕ್ಕೆ ವಿನ್ಸೆಂಟ್ ಮಾಸ್ಟ್ರು, "ಬೋನಿ ಮಾಸ್ಟ್ರೇ ಪ್ರಿಂಟ್ ಮಾಡ್ಸಿದ್ದಲ್ದಾ? ಅಚ್ಚಾದಂಗೇ ಬಾರ್ಸುದ್," ಎಂದು ಮಾತು ಮುಗಿಸಿದರಂತೆ.

ಎರಡನೆಯ ಭಾನುವಾರ ನನ್ನ ಕೆಲಸ ನೋಡಿ ಸಂತೋಷಪಡಲು ನಾನೂ ಹೋಗಿದ್ದೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ನನ್ನ ಹಾಳೆಗಳನ್ನು ಸಿಕ್ಕಿಸಿಕೊಂಡು ಒಂಬತ್ತೂ ಜನ ನಿಂತಿದ್ದರು. ಮೂಲೆಯಲ್ಲಿ ಬಾಸು ಎಂಬ ದಪ್ಪ ಸ್ವರದ ದೊಡ್ಡ ಊದುವಾದ್ಯ ಹಿಡಿದುಕೊಂಡವರು ಲಾರೆನ್ಸಣ್ಣ. ಐವತ್ತೆಂಟರ ಆಸುಪಾಸು, ಕುಂದಾಪುರದ ಹಂಚಿನ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು ಬಿಟ್ಟವರು. ಮಾರ್ಚು ಶುರುವಾಯಿತು. ಎಲ್ಲೂ ನಿಲ್ಲದೆ ಹೋಗುತ್ತಿತ್ತು. ನಾನು ಹಿಗ್ಗಿಹೋದೆ. ಮೂರನೆಯ ಸುತ್ತಿನಲ್ಲಿ ಬಾಸಿನ ಸ್ವರ ಒಡೆಯಿತು, ಆಮೇಲೆ ಕೇಳಿಸಲೇ ಇಲ್ಲ. ತಿರುಗಿ ನೋಡಿದರೆ ಲಾರೆನ್ಸಣ್ಣ ಗೋಡೆ ಹಿಡಿದುಕೊಂಡು ಕೆಮ್ಮುತ್ತಿದ್ದರು. ಯಾರೋ ನೀರು ಕೊಟ್ಟರು. ಅವರು ಕುಡಿದು, ಹೆಗಲ ಮೇಲಿನ ಟವೆಲಿನಿಂದ ಬಾಸನ್ನು ಒರೆಸಿ, ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.

"ನನ್ನದ್ ಆಯ್ತ್, ವಿನ್ಸೆಂಟ್ ಮಾಸ್ಟ್ರೆ. ಬೇರೆ ಯಾರನ್ನಾರೂ ಕಾಣಿ," ಎಂದಷ್ಟೇ ಹೇಳಿ ಕೊಡೆ ಬಿಡಿಸಿಕೊಂಡು ಇಳಿದುಹೋದರು.

ಪಾಪ, ವಯಸ್ಸಾಯಿತು ಎಂದು ಎಲ್ಲರೂ ಅಂದರು. ನಾನೂ ಅಂದೆ.

ಮಾಸ್ಟ್ರು ಮಂಗಳೂರಿನಿಂದ ಬಂದದ್ದು ಆಗಸ್ಟ್ ಇಪ್ಪತ್ತರ ಹೊತ್ತಿಗೆ. ಕಣ್ಣಿಗೆ ಶಸ್ತ್ರಚಿಕಿತ್ಸೆಯಿಂದ ಏನೂ ಉಪಯೋಗವಾಗಿರಲಿಲ್ಲ. ನೇರವಾಗಿ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು.

"ಲಾರೆನ್ಸ ಬ್ಯಾಂಡ್ ಬಿಟ್ಟ ಅಂಬ್ರಲೆ. ಎಂತ ಆಯ್ತ್? ನೀವ್ ಅಲ್ಲೇ ಇದ್ದಿದ್ರಿ ಅಂಬ್ರ್."

ನಾನು ಕಂಡದ್ದನ್ನು ಹೇಳಿದೆ. ಅವರು, "ಮಾರ್ಚಿನ ಎಂಟ್ನೇ ಕೋಣೆ ಒಂಚೂರ್ ಕೈ ತಟ್ಟಿ ಹೇಳಿ ಕಾಂಬ," ಎಂದರು.

ನಾನು ಮೇಜಿನ ಮೇಲೆ ತಟ್ಟುತ್ತಾ ಹೇಳಿದೆ. ಒಂದು, ಎರಡು, ಮೂರು, ನಾಲ್ಕು. ಒಂಬತ್ತನೇ ಕೋಣೆಗೆ ಕೈ ಎತ್ತುವಷ್ಟರಲ್ಲಿ ಅವರು ನನ್ನ ಕೈ ಹಿಡಿದರು.

"ಐದನೇದ್ ಎಲ್ಲಿ?"

ಮಾರ್ಚಿಗೆ ನಾಲ್ಕೇ ಅಲ್ಲವೇ, ತಂತ್ರಾಂಶವೂ ಒಪ್ಪಲಿಲ್ಲ, ಅದಕ್ಕೆ ಸರಿಮಾಡಿದೆ ಎಂದು ತಡವರಿಸಿದೆ. ಅವರು ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ.

"ನಂಗೆ ಕಣ್ಣ್ ಹೋದ್ದ್ ಶೈಲಕ್ಕ, ಕೆಮಿ ಇತ್ತ್. ಒಂದ್ ಮಾತ್ ಕೇಂಡಿರೆ ಆತಿತ್ತಲ್ದಾ?" ಎಂದು ಕಿವಿ ಮುಟ್ಟಿ ತೋರಿಸಿದರು.

ಆಮೇಲೆ ಅವರು ಹೇಳಿದ್ದು ಇಷ್ಟು. ಲಾರೆನ್ಸಣ್ಣ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಹತ್ತಿರ ಕೆಲಸದಲ್ಲಿದ್ದಾಗಲೇ ಅವರ ಎದೆ ಹಾಳಾಗಿತ್ತು. ಇಪ್ಪತ್ತು ವರ್ಷದ ಹಿಂದೆ ಒಂದು ಮೆರವಣಿಗೆಯಲ್ಲಿ ಅವರಿಗೆ ಎಂಟು ಕೋಣೆ ಆದ ಮೇಲೆ ಉಸಿರು ಸಾಲದೆ ಹೋದದ್ದು ಮಾಸ್ಟ್ರಿಗೆ ಮಾತ್ರ ಗೊತ್ತಾಯಿತು. ಬಾಸು ಊದುವುದೊಂದೇ ಆ ಮನುಷ್ಯನ ಜೀವದ ಖುಷಿ. ಬಿಡು ಎನ್ನಲು ಬಾಯಿ ಬರಲಿಲ್ಲ. ಅವರೊಬ್ಬರ ಪುಸ್ತಕದಲ್ಲಿ ಬಿಡುವು ಬರೆದರೆ ಎಲ್ಲರಿಗೂ ತಿಳಿಯುತ್ತದೆ. ಅದಕ್ಕೆ ಆ ಮಳೆಗಾಲ ನಕಲು ಮಾಡುವಾಗ ಒಂಬತ್ತೂ ಪುಸ್ತಕಗಳಲ್ಲಿ ಎಂಟು ಕೋಣೆಗೊಮ್ಮೆ ಒಂದು ಪೆಟ್ಟು ಸೇರಿಸಿಬಿಟ್ಟರು. ಎಲ್ಲರೂ ನಿಂತರೆ ಯಾರ ಉಸಿರಿಗಾಗಿ ನಿಂತದ್ದೆಂದು ಯಾರಿಗೂ ತಿಳಿಯುವುದಿಲ್ಲ. ಹೂ ಹಿಡಿದ ಮಕ್ಕಳ ಮೆರವಣಿಗೆ ಪೊಲೀಸರ ಪರೇಡಲ್ಲವಲ್ಲ, ಎಡಗಾಲು ಬಲಗಾಲು ಅದಲುಬದಲಾದರೆ ಕೇಳುವವರಾರು? ಜನ ಅದನ್ನು ಬೋನಿ ಮಾಸ್ಟ್ರ ಸ್ಟೈಲು ಎಂದುಕೊಂಡರು.

"ಲಾರೆನ್ಸನಿಗೂ ಗೊತ್ತಿಲ್ಲೆ. ಗೊತ್ತಾಪ್ಕೂ ಬಾರ್ದ್. ಗೊತ್ತಾರೆ ಅವ ಮತ್ತೆ ಬಾಸ್ ಮುಟ್ಟ. ನೀವ್ ಹೋಯಿ ಕಂಪ್ಯೂಟ್ರ್ ತಪ್ಪ್ ಅಂದ್ ಹೇಳಿ, ಕರ್ಕಂಡ್ ಬನ್ನಿ," ಎಂದರು. ಆಯಿತು ಎಂದೆ.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಒಬ್ಬ ಮನುಷ್ಯ ಇಪ್ಪತ್ತು ವರ್ಷ ಜೋಪಾನ ಮಾಡಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಅಳಿಸಿದ್ದೆ, ಅದೂ ಶಹಭಾಸ್‌ಗಿರಿಯ ಆಸೆಗೆ. ನಾಚಿಕೆ ಎನ್ನುವುದು ಅಷ್ಟು ಸುಡುತ್ತದೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಅಂಗಡಿಗೆ ಬಾಗಿಲು ಹಾಕಿ ಕೊಕ್ಕರ್ಣೆ ಬಸ್ಸು ಹತ್ತಿದೆ. ಲಾರೆನ್ಸಣ್ಣನ ಮನೆ ರಸ್ತೆಯಿಂದ ಒಳಗೆ, ಗದ್ದೆಯಾಚೆ. ಅವರ ಹೆಂಡತಿ ಬಾಯಮ್ಮ ಚಾ ಮಾಡಲು ಒಳಗೆ ಹೋದರು. ಲಾರೆನ್ಸಣ್ಣ ಜಗಲಿಯಲ್ಲಿ ಕೂತು ಹರಿದ ಬುಟ್ಟಿಗೆ ಬಳ್ಳಿ ಹಾಕುತ್ತಿದ್ದರು. ನಾನು ಬಾಯಿಪಾಠ ಮಾಡಿಕೊಂಡು ಹೋದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಕಂಪ್ಯೂಟರಿನಲ್ಲಿ ಏನೋ ತೊಂದರೆಯಾಯಿತು, ಮಾರ್ಚಿನಲ್ಲಿ ನಾಲ್ಕು ಕಡೆ ಒಂದೊಂದು ಪೆಟ್ಟು ಬಿಟ್ಟುಹೋಗಿದೆ, ಎಲ್ಲರ ಪುಸ್ತಕದಲ್ಲೂ ತಪ್ಪಿದೆ, ಸರಿಮಾಡುತ್ತಿದ್ದೇನೆ, ನೀವು ಬರಬೇಕು ಎಂದೆ.

ಅವರ ಕೈ ನಿಂತಿತು.

"ಕಂಪ್ಯೂಟ್ರ್ ತೆಗ್ದದ್ದಾ? ಮಾಸ್ಟ್ರ್ ತೆಗ್ದದ್ದಲ್ದಾ?"

ಅವರ ಮುಖ ನೋಡಿದ ಮೇಲೆ ನನ್ನಿಂದ ಸುಳ್ಳು ಮುಂದುವರಿಸಲಾಗಲಿಲ್ಲ. "ಕಂಪ್ಯೂಟರ್ ಅಲ್ಲ ಲಾರೆನ್ಸಣ್ಣ, ನಾನೇ ತೆಗ್ದದ್ದ್. ತಪ್ಪ್ ಅಂದ್ಕಂಡೆ. ಮಾಸ್ಟ್ರಿಗೆ ಗೊತ್ತೇ ಇಲ್ಲೆ. ನಿನ್ನೆ ಗೊತ್ತಾಯಿ ನಂಗೆ ಬೈದ್ರ್," ಎಂದೆ. ಬೈದಿರಲಿಲ್ಲ, ಆದರೆ ಬೈಯಬೇಕಿತ್ತು.

ಲಾರೆನ್ಸಣ್ಣ ಬುಟ್ಟಿಯನ್ನು ಪಕ್ಕಕ್ಕಿಟ್ಟು ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿ ಮುಗಿಯಲು ತುಂಬ ಹೊತ್ತು ಹಿಡಿಯಿತು.

"ನಾನ್ ಎಂತ ಅಂದ್ಕಂಡೆ ಗೊತ್ತಿತ್ತಾ? ಹೊಸ ಪುಸ್ತಕದಗೆ ಅದ್ ಇಲ್ಲ ಅಂದ್ ಕಾಂಬತಿಗೆ, ಮಾಸ್ಟ್ರ್ ನಂಗೆ ಸಾಕ್ ಮಾಡ್ ಅಂದ್ ಹೇಳ್ತಿದ್ರ್ ಅಂದ್ಕಂಡೆ. ಬಾಯಗೆ ಹೇಳುಕಾಗ್ದೆ ಪುಸ್ತಕದಗೆ ಹೇಳ್ರ್ ಅಂದೇಳಿ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಹಂಗಾರೆ ಆ ಪೆಟ್ಟು..."

"ಅದ್ ನಂಗಾಯಿ ಹಾಕ್ದದ್ದಲ್ದಾ? ಹಾಕಿ ಎರಡ್ ವರ್ಷ ಆಪತಿಗೆ ಬೈಂದೂರಗೆ ಒಂದ್ ಮದಿ ದಿಬ್ಬಣಕ್ಕೆ ಹೋಯಿದ್ದೆ. ಅಲ್ಲಿನ್ ಬ್ಯಾಂಡಿನವ್ರ್ ಇದೇ ಮಾರ್ಚ್ ಬಾರ್ಸ್ರ್. ಎಲ್ಲೂ ನಿಲ್ಲಲ್ಲ. ನಮ್ದ್ ಮಾತ್ರ ಎಂತಕೆ ನಿಲ್ಲತ್ತ್ ಅಂದ್ ಬಸ್ಸಗೆ ಬಪ್ಪತಿಗೆ ಯೋಚ್ನೆ ಮಾಡ್ದೆ. ನನ್ನ ಉಸ್ರ್ ಎಲ್ಲಿ ಮುಗಿತ್ತೋ ಅಲ್ಲೇ ನಿಲ್ಲತ್ತ್." ಅವರು ಸಣ್ಣಗೆ ನಕ್ಕರು. "ಅವತ್ತ್ ಬಸ್ಸಗೇ ಮರ್ಕಿದ್ದೆ, ಸಣ್ಣ ಮಕ್ಳ್ ಅತ್ತಂಗೆ."

ಬಾಯಮ್ಮ ಚಾ ತಂದರು. ಕೊಟ್ಟು ಮತ್ತೆ ಒಳಗೆ ಹೋದರು. ಆಮೇಲೆ ಲಾರೆನ್ಸಣ್ಣ ದನಿ ತಗ್ಗಿಸಿ ಹೇಳಿದರು, "ನಂಗೆ ಗೊತ್ತಿತ್ತ್ ಅಂದ್ ಮಾಸ್ಟ್ರಿಗೆ ಹೇಳ್ಬೇಡಿ ಅಕ್ಕ. ಗೊತ್ತಾರೆ ಅವ್ರಿಗೆ ಬೇಜಾರಾತ್ತ್. ಗುಟ್ಟಗೆ ಮಾಡಿದ್ರಲ್ದಾ."

ಆಯಿತು ಎಂದೆ. ಹಿಂದಿನ ದಿನ ಮಾಸ್ಟ್ರಿಗೂ ಹಾಗೆಯೇ ಮಾತು ಕೊಟ್ಟಿದ್ದೆ.

ಇನ್ನು ಉಳಿದದ್ದು ತಂತ್ರಾಂಶದ ಜೊತೆಗಿನ ಜಗಳ. ನಾಲ್ಕರ ಕೋಣೆಯಲ್ಲಿ ಐದು ಹಿಡಿಸುವುದಿಲ್ಲವೆಂದು ಅದು ಪಟ್ಟು ಹಿಡಿದಿತ್ತು. ಇಂಟರ್ನೆಟ್ ಸೆಂಟರಿಗೆ ಹೋಗಿ, ಆ ತಂತ್ರಾಂಶ ಬಳಸುವವರು ಪ್ರಶ್ನೆ ಕೇಳುವ ಜಾಗದಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಬರೆದೆ. ಯಾವ ದೇಶದವರೋ ಏನೋ, ಎರಡು ದಿನದಲ್ಲಿ ಉತ್ತರ ಹಾಕಿದರು. ಮಾರ್ಚಿನಲ್ಲಿ ಐದು ಪೆಟ್ಟು ಇರುವುದಿಲ್ಲ, ಒಮ್ಮೆ ಮೂಲವನ್ನು ಪರೀಕ್ಷಿಸಿ ಎಂದು ಮೊದಲು ಬುದ್ಧಿ ಹೇಳಿದ್ದರು! ನನಗೆ ಕನ್ನಡಿ ನೋಡಿದಂತಾಯಿತು. ಕೆಳಗೆ ದಾರಿಯನ್ನೂ ಹೇಳಿದ್ದರು. ಆ ಒಂದು ಕೋಣೆಗೆ ಮಾತ್ರ ಐದರ ಲೆಕ್ಕ ಎಂದು ಗುರುತು ಹಾಕಬೇಕು, ಮುಂದಿನದಕ್ಕೆ ಮತ್ತೆ ನಾಲ್ಕು ಎಂದು ಹಾಕಬೇಕು, ಆಮೇಲೆ ಆ ಎರಡೂ ಅಂಕೆಗಳನ್ನು ಕಾಣದಂತೆ ಅಡಗಿಸಬೇಕು. ಮೂವತ್ತಾರು ಕಡೆ ಹಾಗೆ ಮಾಡಿದೆ. ತೆರೆಯ ಮೇಲೆ ಅಡಗಿದ ಅಂಕೆಗಳು ಡೋಲಿನ ಪುಸ್ತಕದ ಮುದ್ರಣದಲ್ಲಿ ಮಾತ್ರ ಮತ್ತೆ ಕಾಣಿಸಿಕೊಂಡವು. ಅವನ್ನು ಇನ್ನೊಮ್ಮೆ ಅಡಗಿಸಿದೆ. ಕೊನೆಗೆ ನೋಡಿದರೆ ಹಾಳೆಯಲ್ಲಿ ಎಲ್ಲ ಕೋಣೆಗಳೂ ಒಂದೇ ಥರ ಕಾಣುತ್ತಿದ್ದವು, ಎಣಿಸಿದವರಿಗೆ ಮಾತ್ರ ಗೊತ್ತಾಗುವ ಹಾಗೆ.

ತೆನೆಹಬ್ಬದ ಬೆಳಿಗ್ಗೆ ಮಳೆ ಬಿಟ್ಟಿತ್ತು. ಇಗರ್ಜಿಯ ದಾರಿಯ ಬದಿಯಲ್ಲಿ ನಾನೂ ನಿಂತಿದ್ದೆ. ಮುಂದೆ ಹೂವಿನ ಬುಟ್ಟಿ ಹಿಡಿದ ಮಕ್ಕಳು, ಹೊಸ ತೆನೆಯ ಕಟ್ಟು, ಅದರ ಹಿಂದೆ ಕೆಂಪು ಕೋಟಿನ ಒಂಬತ್ತು ಜನ. ಬೋನಿ ಮಾಸ್ಟ್ರು ಒಬ್ಬರ ಭುಜ ಹಿಡಿದು ಮುಂದೆ ನಡೆಯುತ್ತಿದ್ದರು, ಇನ್ನೊಂದು ಕೈ ಗಾಳಿಯಲ್ಲಿ ತಾಳ ಹಾಕುತ್ತಿತ್ತು. ಎಂಟು ಕೋಣೆ ಮುಗಿಯಿತು, ಊದುವವರೆಲ್ಲ ನಿಂತರು, ಡೋಲು ಒಂಟಿಯಾಗಿ ಒಮ್ಮೆ ಹೊಡೆಯಿತು. ಆ ಒಂದು ಪೆಟ್ಟಿನಲ್ಲಿ ಲಾರೆನ್ಸಣ್ಣನ ಎದೆ ಏರಿದ್ದನ್ನು ನಾನು ಕಂಡೆ. ಮತ್ತೆ ಬಾಸು ಎಲ್ಲರೊಡನೆ ಎದ್ದಿತು. ನನ್ನ ಕಣ್ಣು ತುಂಬಿತು, ಪಕ್ಕದಲ್ಲಿದ್ದವರು ಏನಾಯಿತು ಎಂದು ಕೇಳಿದರು.

ಪೂಜೆ ಮುಗಿದ ಮೇಲೆ ಮಾಸ್ಟ್ರು ನನ್ನನ್ನು ಹುಡುಕಿಸಿ ಕರೆಸಿಕೊಂಡರು. ಅಂಗಳದ ಆ ತುದಿಯಲ್ಲಿ ಲಾರೆನ್ಸಣ್ಣ ಊದಿ ಊದಿ ಬಾಸಿನೊಳಗೆ ಕೂಡಿದ್ದ ನೀರು ಚೆಲ್ಲುತ್ತಾ ನಮ್ಮ ಕಡೆಯೇ ನೋಡುತ್ತಿದ್ದರು.

"ಅವತ್ತ್ ಮನೆಗೆ ಹೋದತಿಗೆ ಅವ ಎಂತ ಹೇಳ್ದ ಶೈಲಕ್ಕ?"

"ಎಂತದೂ ಇಲ್ಲೆ ಮಾಸ್ಟ್ರೆ. ಕಂಪ್ಯೂಟ್ರಿಗೆ ಎರಡ್ ಬೈದ್ರ್, ಬತ್ತೆ ಅಂದ್ರ್."

ಮಾಸ್ಟ್ರು ಮನಸಾರೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ಆ ಮಳೆಗಾಲದಲ್ಲಿ ನಾನು ನೋಡಿರಲಿಲ್ಲ.

"ಪಾಪದವ ಮಾರಾಯ್ರೆ," ಎಂದರು. "ಇಪ್ಪತ್ತ್ ವರ್ಷ ಆಯ್ತ್, ಅವ್ನಿಗೆ ಇನ್ನೂ ಗೊತ್ತೇ ಆಯ್ಲಿಲ್ಲ ಕಾಣಿ."

"ಹೌದು ಮಾಸ್ಟ್ರೆ," ಎಂದೆ. ಅದನ್ನು ಮಾತ್ರ ನಾನು ತಿದ್ದಲಿಲ್ಲ.